ಮೆಟ್ಟಿಲು ಹತ್ತುವಾಗ ಎರಡು ವಾರದಿಂದ ಎದೆನೋವು. ಮೊದಲೇ ನೋವು ಬಂದವರಿಗೆ ಹಾರ್ಟ್ ಅಟ್ಯಾಕ್‌ನಲ್ಲಿ ಹಾನಿ ಕಡಿಮೆಯಂತೆ, ನಾನು ಧೈರ್ಯವಾಗಿರಬಹುದಾ?

ಬೇಡ. ಆ ಧೈರ್ಯ ನನಗೂ ಇತ್ತು.

ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಎದೆಯ ಮೇಲೆ ಯಾರೋ ಅಂಗೈ ಊರಿದ ಹಾಗಾಗುತ್ತಿತ್ತು, ದವಡೆಯೂ ಹಿಡಿಯುತ್ತಿತ್ತು. ಕಂಬಿ ಹಿಡಿದು ಎರಡು ನಿಮಿಷ ನಿಂತರೆ ಮಾಯ. ನಿಂತರೆ ಹೋಗುತ್ತದಲ್ಲ, ಹಾರ್ಟ್ ಆಗಿರಲಿಕ್ಕಿಲ್ಲ, ಗ್ಯಾಸೇ ಇರಬೇಕು ಅಂದುಕೊಂಡೆ. ನಾನು ಕೆಟ್ಟಿದ್ದು ಇಲ್ಲೇ. ಹತ್ತಿದರೆ ಬಂದು ನಿಂತರೆ ಹೋಗುವುದೇ ಆಂಜೈನಾದ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ನೋವಿನ ಗುರುತು! ಹತ್ತುವಾಗ ಹೃದಯಕ್ಕೆ ಜಾಸ್ತಿ ರಕ್ತ ಬೇಕು, ಕಿರಿದಾದ ರಕ್ತನಾಳ ಅಷ್ಟು ಕೊಡಲಾರದು. ನಿಂತಾಗ ಹೃದಯದ ಕೆಲಸ ಇಳಿಯುತ್ತದೆ, ನೋವೂ ಇಳಿಯುತ್ತದೆ. ರಕ್ತನಾಳ ಮಾತ್ರ ಹಾಗೇ ಇರುತ್ತದೆ.

ಇನ್ನೂ ದೊಡ್ಡ ನಷ್ಟ ಅಂದರೆ, ಆ ನೋವು ನನಗೆ ಕಾಯುವುದನ್ನು ಕಲಿಸಿತ್ತು. ರಾತ್ರಿ ಎರಡಕ್ಕೆ ನಿಜವಾದ ಅಟ್ಯಾಕ್ ಬಂದಾಗ ಮಂಚದ ಅಂಚಲ್ಲಿ ಬೆವರುತ್ತಾ ಕೂತೆ. ಈಗ ಹೋಗುತ್ತೆ, ಇನ್ನೊಂದು ಸ್ವಲ್ಪ ಹೊತ್ತು ಅಂತ ಮೂರು ಗಂಟೆ ಕಳೆದೆ. ಹೆಂಡತಿಯನ್ನೂ ಎಬ್ಬಿಸಲಿಲ್ಲ. ಸ್ಟೆಂಟ್ ಹಾಕುವಷ್ಟರಲ್ಲಿ ಹೃದಯದ ಒಂದು ಭಾಗ ಸತ್ತಿತ್ತು.

ನೀವು ಓದಿದ್ದು ಸುಳ್ಳಲ್ಲ. ಅಟ್ಯಾಕ್‌ಗೆ ಒಂದೆರಡು ದಿನ ಮುಂಚೆ ನೋವು ಬಂದವರಲ್ಲಿ ಹಾನಿ ಕಡಿಮೆ ಇದ್ದದ್ದನ್ನು ಹಲವು ಅಧ್ಯಯನಗಳು ಕಂಡಿವೆ. 1986ರಲ್ಲಿ ಮರ್ರಿ, ಜೆನ್ನಿಂಗ್ಸ್, ರೈಮರ್ ಎಂಬ ಸಂಶೋಧಕರು ನಾಯಿಗಳ ಹೃದಯದ ರಕ್ತನಾಳವನ್ನು ಐದೈದು ನಿಮಿಷದಂತೆ ನಾಲ್ಕು ಸಲ ಮುಚ್ಚಿ ತೆರೆದರು. ಆಮೇಲೆ 40 ನಿಮಿಷ ಮುಚ್ಚಿದರೂ ಸತ್ತ ಭಾಗ, ಹಾಗೆ ಮೊದಲು ಮುಚ್ಚಿ ತೆರೆಯದ ನಾಯಿಗಳದ್ದರ ಕಾಲು ಭಾಗದಷ್ಟೇ. ಆದರೆ ಮೂರು ಗಂಟೆ ಮುಚ್ಚಿಟ್ಟಾಗ ಆ ರಕ್ಷಣೆ ಉಳಿಯಲೇ ಇಲ್ಲ. ಮೂರು ಗಂಟೆ! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅಷ್ಟಕ್ಕೂ ಆ ಲೆಕ್ಕವೆಲ್ಲ ಅಟ್ಯಾಕ್ ಆದವರದ್ದು. ನಿಮಗೆ ಇನ್ನೂ ಆಗಿಲ್ಲ ಅಲ್ವಾ? ಹಾನಿ ಎಷ್ಟು ಕಡಿಮೆ ಅಂತ ಈಗಲೇ ಯಾಕೆ ಎಣಿಸಬೇಕು? ಇವತ್ತೇ ಡಾಕ್ಟರ್ ಹತ್ತಿರ ಹೋಗಿ. ಸುಮ್ನೆ ಎದೆನೋವು ಅನ್ನಬೇಡಿ, ಹತ್ತಿದರೆ ಬರುತ್ತೆ, ನಿಂತರೆ ಹೋಗುತ್ತೆ ಅಂತ ಬಿಡಿಸಿ ಹೇಳಿ. ಮಲಗಿಸಿ ತೆಗೆದ ಇಸಿಜಿ ಚೆನ್ನಾಗಿದೆ ಅಂದರೂ ಅಷ್ಟಕ್ಕೇ ಬಿಡಬೇಡಿ, ನೋವಿಲ್ಲದಾಗ ಅದು ಸರಿಯಾಗಿಯೇ ಕಾಣಬಹುದು. ಕೂತಲ್ಲೇ ನೋವು ಬಂದರೆ, ಅಥವಾ ಹತ್ತುವುದು ನಿಲ್ಲಿಸಿದರೂ ನೋವು ಹೋಗದಿದ್ದರೆ, ಆಂಬುಲೆನ್ಸ್ ಕರೆಸಿ. ನೀವೇ ಗಾಡಿ ಓಡಿಸಬೇಡಿ. ಮನೆಯವರಿಗೆ ಈಗಲೇ ಹೇಳಿಡಿ, ರಾತ್ರಿ ಎರಡಾದರೂ ಎಬ್ಬಿಸ್ತೀನಿ ಅಂತ.