ಒಂಟಾರಿಯೋಗೆ ಮದ್ದು ಕಟ್ಟಿಕೊಂಡು ಬರುವ ಮೊದಲು

ತಮ್ಮಾ, ಬದಿಯಡ್ಕದಿಂದ ಒಂಟಾರಿಯೋಗೆ ಹೊರಡುವ ಗಡಿಬಿಡಿಯಲ್ಲೂ ಮದ್ದಿನ ವಿಷಯ ಕೇಳಿದೆಯಲ್ಲ, ಒಳ್ಳೆಯದಾಯಿತು. ಕೊರೋನಾ ಸಮಯದಲ್ಲಿ ಕೆನಡಾದಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಮಾತ್ರೆ ಕೊಡ್ತಿರಲಿಲ್ಲವಂತೆ, ಹಾಗಾದರೆ ಬಿಪಿ, ಶುಗರಿನದ್ದು ಒಂದು ವರ್ಷಕ್ಕೆ ಬೇಕಾದಷ್ಟು ತರಲಾ ಅಂತ ಬರೆದಿದ್ದೀಯ.

ತರಬೇಡ. ನಮ್ಮ ಬಳಕೆಗೆ ಅಂತ ತರುವ, ಡಾಕ್ಟರ ಚೀಟಿಯ ಮದ್ದಿಗೆ 90 ದಿನದ ಮಿತಿ ಉಂಟು. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಗಳಿಗೆ ಬೇರೆ ನಿಯಮ, ಅಂಥದ್ದಿದ್ದರೆ ಮೊದಲೇ ಹೇಳು.

ನೀನು ಕೇಳಿದ ಸುದ್ದಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ. 2020ರ ಮಾರ್ಚಿನಲ್ಲಿ ಜನ ಹೆದರಿ ತಿಂಗಳುಗಟ್ಟಲೆ ಮದ್ದು ಒಟ್ಟಿಗೇ ತೆಗೆದಿಡಲು ಶುರು ಮಾಡಿದರು. ಎಲ್ಲರಿಗೂ ಸಿಗಲಿ ಅಂತ ಒಂದು ಸಲಕ್ಕೆ 30 ದಿನದ್ದು ಮಾತ್ರ ಅಂತ ಮಾಡಿದರು, ಇಲ್ಲಿನ ಬೇಸಿಗೆ ಹೊತ್ತಿಗೆ ಅದನ್ನು ತೆಗೆದರು. ತೊಂದರೆ ಆಗಲಿಲ್ಲ ಅಂತಲ್ಲ. ಇಲ್ಲಿ ಪ್ರತಿ ಸಲ ಮದ್ದು ಕೊಡುವಾಗ ಫಾರ್ಮಸಿಯವರ ಶುಲ್ಕ ಬೇರೆ ಇರುತ್ತದೆ, ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದದ್ದನ್ನು ತಿಂಗಳಿಗೊಮ್ಮೆ ಕೊಡಬೇಕಾಯಿತು. ವಯಸ್ಸಾದವರಿಗೆ ಅದು ಭಾರವೇ.

ಇನ್ನರ್ಧ ಯಾರೂ ಹೇಳುವುದಿಲ್ಲ. ಅದೇ ಮಾರ್ಚ್ 19ಕ್ಕೆ ಹೆಲ್ತ್ ಕೆನಡಾ, ಅಂದರೆ ಇಲ್ಲಿನ ಕೇಂದ್ರ ಆರೋಗ್ಯ ಇಲಾಖೆ, ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಯಂಥ ಕಟ್ಟುನಿಟ್ಟಿನ ಮದ್ದುಗಳಿಗೂ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಫಾರ್ಮಸಿಸ್ಟೇ ಹಳೆ ಚೀಟಿಯನ್ನು ಮುಂದುವರಿಸಬಹುದು, ಬೇರೆ ಫಾರ್ಮಸಿಗೆ ವರ್ಗ ಮಾಡಬಹುದು, ಡಾಕ್ಟರ್ ಫೋನಿನಲ್ಲಿ ಹೇಳಿದರೂ ಸಾಕು, ಮನೆಗೆ ಮುಟ್ಟಿಸಲು ಇನ್ನೊಬ್ಬರ ಕೈಯಲ್ಲಿ ಕೊಡಬಹುದು. ಮೊದಲು ಸೆಪ್ಟೆಂಬರ್ 30ರವರೆಗೆ ಅಂತಿತ್ತು, ಆಮೇಲೆ ಮುಂದುವರಿಸಿದರು. ಬಿಪಿ, ಶುಗರಿನಂಥ ಮಾಮೂಲಿ ಮದ್ದಿನ ಚೀಟಿಯನ್ನು ಒಂಟಾರಿಯೋದ ಫಾರ್ಮಸಿಸ್ಟುಗಳು 2012ರಿಂದಲೇ ಮುಂದುವರಿಸಬಹುದಿತ್ತು, ಆಗ ಆರು ತಿಂಗಳವರೆಗೆ, 2020ರ ಡಿಸೆಂಬರಿನಿಂದ ಒಂದು ವರ್ಷದವರೆಗೆ.

ಅದೇ ದಿನಗಳಲ್ಲಿ ನಮ್ಮೂರಿನ ಕಥೆ ನಿನಗೇ ಗೊತ್ತು. ಕೇರಳ-ಕರ್ನಾಟಕ ಗಡಿಯ ತಲಪಾಡಿ ಬಂದ್, ಒಳದಾರಿಗಳಿಗೆಲ್ಲ ಮಣ್ಣು ಸುರಿದಿದ್ದರು. ನಮ್ಮವರಿಗೆ ಡಾಕ್ಟರೂ ಮಂಗಳೂರು, ಮೆಡಿಕಲ್ಲೂ ಮಂಗಳೂರು. ಮಾರ್ಚ್ 26ಕ್ಕೆ ದಿಲ್ಲಿಯಿಂದ ಮೆಡಿಕಲ್‌ನವರು ಮನೆಬಾಗಿಲಿಗೆ ಮದ್ದು ತಲುಪಿಸಬಹುದು, ಚೀಟಿ ಇಮೇಲಿನಲ್ಲಿ ಕಳಿಸಿದರೂ ಸಾಕು ಅಂತ ಆದೇಶ ಬಂತು. ಆದರೆ ಅಂಗಡಿ ಇರುವ ಜಿಲ್ಲೆಯೊಳಗೆ ಮಾತ್ರ! ಗಡಿಯ ಈಚೆ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿದ್ದ ನಮ್ಮ ಮನೆಯವರಿಗೆ ಮಂಗಳೂರಿನ ಅಂಗಡಿಯಿಂದ ಇದರಡಿ ಏನೂ ಬರುವ ಹಾಗಿರಲಿಲ್ಲ. ನನಗೆ ಅದು ಈಗಲೂ ಹೊಟ್ಟೆ ಉರಿಯುವ ವಿಷಯ. ಗಡಿಯಲ್ಲಿರುವವರನ್ನು ನೆನೆಸಿಕೊಳ್ಳದೆ ಬರೆದ ನಿಯಮ ಅದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿಯಮ ಎಷ್ಟು ಸಡಿಲವಾದರೂ ಇಲ್ಲಿ ಮುಂದುವರಿಸಲು ಒಂದು ಚೀಟಿ ಇರಬೇಕು, ಅದೂ ಕೆನಡಾದ್ದೇ. ಮಂಗಳೂರಿನ ಡಾಕ್ಟರ ಚೀಟಿಗೆ ಇಲ್ಲಿ ಮದ್ದು ಕೊಡುವುದಿಲ್ಲ. ಹಾಗಾಗಿ ಬಂದು ಇಳಿದ ಮೇಲೆ, ತಂದದ್ದು ಮುಗಿಯುವವರೆಗೆ ಕಾಯದೆ, ಹತ್ತಿರದ ವಾಕ್-ಇನ್ ಕ್ಲಿನಿಕ್ಕಿಗೆ (ಮೊದಲೇ ಸಮಯ ಗೊತ್ತುಮಾಡದೆ ಹೋಗಬಹುದಾದ ಕ್ಲಿನಿಕ್) ಹೋಗಿ ಇಲ್ಲಿನ ಚೀಟಿ ಬರೆಸು. ಮತ್ತೆ ಒಂದೇ ಫಾರ್ಮಸಿಯನ್ನು ಖಾಯಂ ಮಾಡಿಕೋ. ಕಡಿಮೆ ಶುಲ್ಕ ಅಂತ ತಿಂಗಳಿಗೊಂದು ಕಡೆ ಓಡಿದರೆ ನಿನ್ನ ಮದ್ದಿನ ಲೆಕ್ಕ ಎಲ್ಲಿಯೂ ಪೂರ್ತಿ ಇರುವುದಿಲ್ಲ. ಕೊರೋನಾ ಸಮಯದ ಹಾಗೆ ಒಂದು ವಾರದಲ್ಲಿ ಎಲ್ಲ ಮುಚ್ಚಿ ಡಾಕ್ಟರ್ ಸಿಗದೆ ಹೋದಾಗ ಕೌಂಟರಿನವರು ನೋಡುವುದು ಆ ಲೆಕ್ಕವನ್ನೇ.

ಊರಿನಲ್ಲಿ ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರಲ್ಲ, ಹೆಸರಿದ್ದ ತುದಿ ಅಂಗಡಿಯಲ್ಲೇ ಉಳಿದಿರುತ್ತದೆ. ಹಾಗೆ ತರಬೇಡ, ಪೂರ್ತಿ ಪ್ಯಾಕೆಟ್ಟೇ ತಾ. ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆ ಮದ್ದಿನ ಹೆಸರನ್ನೂ ಬರೆಸು. ಗ್ಲೈಕೋಮೆಟ್ ಅಂದರೆ ಇಲ್ಲಿ ಯಾರಿಗೂ ತಿಳಿಯದು, ಮೆಟ್‌ಫಾರ್ಮಿನ್ ಅಂದರೆ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಒತ್ತಿ ತಿರುಗಿಸುವ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಕೊಡುತ್ತಾರೆ. ಅದರ ಲೇಬಲಿನಲ್ಲಿ ನಿನ್ನ ಹೆಸರು, ಡಾಕ್ಟರ ಹೆಸರು, ಎಷ್ಟು ಮಿಲಿಗ್ರಾಂ, ಇನ್ನೆಷ್ಟು ಸಲ ತುಂಬಿಸಬಹುದು, ಎಲ್ಲ ಇರುತ್ತದೆ. ಡಬ್ಬಿ ಖಾಲಿಯಾದರೂ ಎಸೆಯಬೇಡ.

ಇನ್ನೊಂದು. ಒಹಿಪ್, ಅಂದರೆ ಒಂಟಾರಿಯೋ ಸರಕಾರದ ಆರೋಗ್ಯ ವಿಮೆ, ಅದರ ಕಾರ್ಡಿಗೆ ಈಗ ಮೂರು ತಿಂಗಳು ಕಾಯಬೇಕಾಗಿಲ್ಲ, ಆದರೆ ಅದು ಡಾಕ್ಟರ ಖರ್ಚಿಗೆ. ನಿನ್ನ ವಯಸ್ಸಿನವರ ಮಾತ್ರೆಗೆ ಅದರಲ್ಲಿ ದುಡ್ಡು ಬರುವುದಿಲ್ಲ. ಕಂಪನಿಯ ಇನ್ಶೂರೆನ್ಸ್ ಯಾವ ದಿನದಿಂದ ಶುರು ಅಂತ ಹೊರಡುವ ಮೊದಲೇ ಕೇಳು.