ಗಡ್ಡೆ ತೆಗೆಯದೆ ಗುಣವಾಗುವುದುಂಟೇ?

11 ವರ್ಷದ ನಿಮ್ಮ ತಂಗಿಯ ಮಗ 8 ತಿಂಗಳಿಂದ ಚೊಂಬುಗಟ್ಟಲೆ ನೀರು ಕುಡಿದು ರಾತ್ರಿ ನಾಲ್ಕೈದು ಸಲ ಏಳುತ್ತಿದ್ದ, ಸಕ್ಕರೆ ಕಾಯಿಲೆಯಲ್ಲ ಎಂದ ಮೇಲೆ ಮನೆಯವರು ಸುಮ್ಮನಾದರು, ಈಗ ಎಂಆರ್‌ಐಯಲ್ಲಿ ಮಿದುಳಿನ ತಳದ ಹಾರ್ಮೋನ್ ಗ್ರಂಥಿಯಾದ ಪಿಟ್ಯುಟರಿ ಬಳಿ ಗಡ್ಡೆ ಕಂಡು ‘ಜರ್ಮಿನೋಮಾ’ (ಜನನಕೋಶಗಳಿಂದ ಹುಟ್ಟುವ ಕ್ಯಾನ್ಸರ್ ಗಡ್ಡೆ) ಎಂದಿದ್ದಾರೆ ಎಂದು ಬರೆದಿದ್ದೀರಿ. ಬುಡಸಮೇತ ತೆಗೆಯದೆ ಬರೀ ಕೀಮೋ, ರೇಡಿಯೇಶನ್ ಎನ್ನುತ್ತಾರಲ್ಲ, ಡಾಕ್ಟರು ಕೈಚೆಲ್ಲಿದರೇ ಎಂಬುದು ನಿಮ್ಮ ಪ್ರಶ್ನೆ.

ಕೈಚೆಲ್ಲಿಲ್ಲ. ಮಕ್ಕಳ ಮಿದುಳಿನ ಗಡ್ಡೆಗಳಲ್ಲಿ ಬಹುಪಾಲಿಗೆ ಶಸ್ತ್ರಕ್ರಿಯೆಯೇ ಮೊದಲು. ಜರ್ಮಿನೋಮಾ ಅದಕ್ಕೆ ಹೊರತು. ರೇಡಿಯೇಶನ್‌ಗೆ ಇದು ಚೆನ್ನಾಗಿ ಕರಗುತ್ತದೆ, 100ರಲ್ಲಿ 90ಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. ಪೂರ್ತಿ ಕೆತ್ತಿದರೆ ಈ ಲೆಕ್ಕವೇನೂ ಸುಧಾರಿಸದು. ಪಕ್ಕದ ದೃಷ್ಟಿನರಕ್ಕೂ, ಹಸಿವು-ಬಾಯಾರಿಕೆ ನಿಯಂತ್ರಿಸುವ ಹೈಪೋಥಲಾಮಸ್‌ಗೂ ಪೆಟ್ಟು ಬೀಳುವ ಅಪಾಯ ಮಾತ್ರ ಏರುತ್ತದೆ.

ನೀವು ಕೇಳಬೇಕಾದ್ದು ಬೇರೆ. ಇಂಥ ಗಡ್ಡೆಗಳು ಸ್ರವಿಸಬಲ್ಲ ಆಲ್ಫಾ ಫೀಟೋಪ್ರೋಟೀನ್, ಬೀಟಾ ಎಚ್‌ಸಿಜಿ ಎಂಬ ವಸ್ತುಗಳ ಪರೀಕ್ಷೆ ಆಗಿದೆಯೇ? ರಕ್ತದಲ್ಲಷ್ಟೇ ನೋಡಿದರೆ ಸಾಲದು. ತಲೆಯೊಳಗೆ ಒತ್ತಡ ಏರಿಲ್ಲವೆಂದು ಖಚಿತಮಾಡಿಕೊಂಡು ಬೆನ್ನಿನಿಂದ ತೆಗೆದ ದ್ರವದಲ್ಲೂ ನೋಡಬೇಕು. ಎಚ್‌ಸಿಜಿ ತುಸು ಏರಿದ್ದರೂ ಜರ್ಮಿನೋಮಾ ಇರಬಹುದು. ಫೀಟೋಪ್ರೋಟೀನ್ ಏರಿದ್ದರೆ ಅದು ಶುದ್ಧ ಜರ್ಮಿನೋಮಾ ಅಲ್ಲ: ಕೀಮೋ ಬಲವಾಗಬೇಕು, ಗಡ್ಡೆಗೆ ಕೊಡುವ ರೇಡಿಯೇಶನ್ 54 ಗ್ರೇ (ರೇಡಿಯೇಶನ್ ಪ್ರಮಾಣದ ಅಳತೆ) ಆಸುಪಾಸಿಗೆ ಹೋಗುತ್ತದೆ, ಕೊನೆಗೆ ಉಳಿದದ್ದನ್ನು ತೆಗೆಯಬೇಕಾಗಿಯೂ ಬರಬಹುದು. ಎರಡೂ ಸಹಜವಿದ್ದರೆ ಸಾಮಾನ್ಯವಾಗಿ ಬಯಾಪ್ಸಿ ಬೇಕು. ಅದರಲ್ಲೂ ಮೋಸಹೋಗುವುದುಂಟು. ಈ ಗಡ್ಡೆಯೊಳಗೆ ಗ್ರ್ಯಾನುಲೋಮಾ, ಅಂದರೆ ಕ್ಷಯದಲ್ಲೂ ಕಾಣುವ ಉರಿಯೂತದ ಗಂಟು, ಕಟ್ಟಿಕೊಳ್ಳಬಹುದು. ತೆಗೆದ ಚೂರಿನಲ್ಲಿ ಅದಷ್ಟೇ ಸಿಕ್ಕರೆ, ನಮ್ಮ ದೇಶದಲ್ಲಂತೂ, ಥಟ್ಟನೆ ಕ್ಷಯದ ನೆನಪಾಗುತ್ತದೆ. ಸಂಶಯವಿದ್ದರೆ ಸ್ಲೈಡ್, ಪ್ಯಾರಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಚೂರು) ಎರಡನ್ನೂ ಪಡೆದು ನಿಮ್ಹಾನ್ಸ್‌ನಂಥ ಕಡೆ ಮಿದುಳಿನ ಚೂರು ಪರೀಕ್ಷಿಸುವ ನ್ಯೂರೋಪೆಥಾಲಜಿಸ್ಟರಿಗೆ ತೋರಿಸಿ. ಗಡ್ಡೆ ಹರಡಿದೆಯೇ ಎಂದು ತಿಳಿಯಲು ಬೆನ್ನುಹುರಿಯ ಎಂಆರ್‌ಐ ಚಿಕಿತ್ಸೆಗೆ ಮೊದಲೇ ಆಗಿರಲಿ.

ಹರಡಿಲ್ಲದಿದ್ದರೆ ಕಾರ್ಬೋಪ್ಲಾಟಿನ್, ಎಟೊಪೊಸೈಡ್ ಇರುವ ಕೀಮೋ ಸಾಮಾನ್ಯವಾಗಿ 4 ಸುತ್ತು. ಆಮೇಲೆ ಮಿದುಳಿನೊಳಗೆ ದ್ರವ ತುಂಬಿರುವ ಕುಹರಗಳಿಗೆಲ್ಲ 18ರಿಂದ 24 ಗ್ರೇ, ಅಗತ್ಯವಿದ್ದರೆ ಗಡ್ಡೆಯ ಜಾಗಕ್ಕೆ ಇನ್ನಷ್ಟು. ಗಡ್ಡೆಗೆ ಮಾತ್ರ ಕೊಟ್ಟಾಗ ಅದು ಕುಹರಗಳಲ್ಲಿ ಮರಳಿದ್ದು ಕಂಡಿದೆ, ಅದಕ್ಕೇ ಇಷ್ಟಗಲ.

ಮನೆಯವರು ಎಡವುವುದು, ಗಡ್ಡೆಯಿಂದ ಕೊರತೆಯಾದ ಹಾರ್ಮೋನುಗಳ ಬದಲಿಗೆ ಕೊಡುವ ಮಾತ್ರೆಗಳಲ್ಲಿ. ಅತಿಮೂತ್ರ ತಡೆಯುವ ಡೆಸ್ಮೋಪ್ರೆಸಿನ್ ತೆಗೆದುಕೊಳ್ಳುವ ಹುಡುಗನಿಗೆ ಕೀಮೋ ದಿನ ಡ್ರಿಪ್ ಹೆಚ್ಚಾದರೆ ನೀರು ಒಳಗೇ ನಿಂತು, ಸೋಡಿಯಂ ಕುಸಿದು, ಫಿಟ್ಸ್ ಬರಬಹುದು. ಡ್ರಿಪ್ ಹಾಕುವವರಿಗೆ ಪ್ರತಿ ಸಲವೂ ನೀವೇ ನೆನಪಿಸಿ. ದೇಹ ಕಾಯಿಲೆಯ ಒತ್ತಡ ತಾಳಲು ಬೇಕಾದ ಹಾರ್ಮೋನ್ ಕಾರ್ಟಿಸಾಲ್‌ನ ಕೊರತೆಯಿದ್ದರೆ ಅದರ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಒಂದು ಹೊತ್ತೂ ತಪ್ಪಬಾರದು. ಜ್ವರ ಬಂದರೆ ಎರಡು-ಮೂರು ಪಟ್ಟು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಕ್ಷಣ ಇಂಜೆಕ್ಷನ್. ಈ ಪ್ರಮಾಣವನ್ನು ಡಾಕ್ಟರ ಕೈಲಿ ಬರೆಸಿ ಶಾಲೆಯ ಚೀಲದಲ್ಲೂ ಒಂದು ಪ್ರತಿ ಇಡಿ. ಗಡ್ಡೆ ಕರಗಿದ ಮೇಲೂ ಈ ಕೊರತೆಗಳು ಬಹುತೇಕ ಉಳಿಯುತ್ತವೆ. ಸ್ಕ್ಯಾನ್ ಚೆನ್ನಾಗಿದೆಯೆಂದು ಮಾತ್ರೆ ನಿಲ್ಲಿಸಬೇಡಿ.