ರಾಬರ್ಟ್‌ಸನ್‌ಗೆ 2014ರಲ್ಲಿ ಓಟು ಇತ್ತಾ?

ಸ್ಕಾಟ್ಲೆಂಡ್ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಆಂಡಿ ರಾಬರ್ಟ್‌ಸನ್ ಸ್ಕಾಟ್ಲೆಂಡ್ ಬ್ರಿಟನ್‌ನಿಂದ ಬೇರೆಯಾಗಿ ಸ್ವತಂತ್ರ ಆಗಬೇಕಾ ಅನ್ನೋ 2014ರ ಜನಮತಗಣನೆಯಲ್ಲಿ ಓಟು ಹಾಕಬಹುದಿತ್ತಾ ಅಂತ ಕೇಳಿದ್ದೀರಲ್ಲ, ಅದು ಅವರು ಆಗ ಎಲ್ಲಿ ವಾಸವಿದ್ದರು ಅನ್ನೋದರ ಮೇಲೆ ಹೋಗುತ್ತೆ. 2014ರ ಜುಲೈನಲ್ಲಿ ಅವರು ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್ ಕ್ಲಬ್ ಬಿಟ್ಟು ಇಂಗ್ಲೆಂಡಿನ ಹಲ್ ಸಿಟಿ ಕ್ಲಬ್‌ಗೆ ಹೋದರು. ಮತದಾನ ನಡೆದದ್ದು ಸೆಪ್ಟೆಂಬರ್ 18ಕ್ಕೆ. ಹುಟ್ಟಿದ ಊರು ಲೆಕ್ಕಕ್ಕೇ ಇರಲಿಲ್ಲ, ಸ್ಕಾಟ್ಲೆಂಡಿನಲ್ಲಿ ವಾಸ ಇರಬೇಕಿತ್ತು ಅಷ್ಟೇ. ಮನೆ ವಿಳಾಸ ಇಂಗ್ಲೆಂಡಿಗೆ ಬದಲಾದ ಆಟಗಾರರಿಗೆ ಓಟು ಇಲ್ಲ. ಸ್ವಾತಂತ್ರ್ಯ ‘ಬೇಡ’ ಅಂತ ಬಹಿರಂಗವಾಗಿ ಹೇಳಿದ್ದ, ಮ್ಯಾಂಚೆಸ್ಟರ್ ಯುನೈಟೆಡ್‌ನ ಮಾಜಿ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಕಥೆಯೂ ಅದೇ.

ತಮಾಷೆ ನೋಡಿ, ಅದೇ ಹೊತ್ತಿಗೆ ಗ್ಲಾಸ್ಗೋದಲ್ಲಿ ಓದುತ್ತಿದ್ದ ನಮ್ಮ ಕಡೆಯ ಹುಡುಗ ಹೆಸರು ನೋಂದಾಯಿಸಿದ್ದರೆ ಓಟು ಹಾಕಬಹುದಿತ್ತು. ಅಲ್ಲಿ ವಾಸವಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಓಟು ಇತ್ತು, ಭಾರತ ಕಾಮನ್‌ವೆಲ್ತ್ ದೇಶ ಅಲ್ವಾ! 16 ವರ್ಷದವರಿಗೂ ಅವಕಾಶ ಕೊಟ್ಟಿದ್ದರು.

ಕೊನೆಗೆ ‘ಬೇಡ’ಕ್ಕೆ ಶೇ. 55.3, ‘ಬೇಕು’ಗೆ ಶೇ. 44.7. ಗ್ಲಾಸ್ಗೋ, ಡಂಡೀ ಎರಡೂ ‘ಬೇಕು’ ಅಂದವು.

ಇನ್ನು ಫುಟ್‌ಬಾಲ್‌ನಲ್ಲಿ 1872ರಿಂದಲೇ ಸ್ಕಾಟ್ಲೆಂಡ್ ಬೇರೆ ತಂಡ. ಇಂಗ್ಲೆಂಡ್ ಜೊತೆ ಮೊದಲ ಪಂದ್ಯ 0-0. ಆದರೆ ಒಳ್ಳೆ ಆಟಗಾರರು ದುಡ್ಡಿರುವ ಕಡೆಗೇ ಹೋಗುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಗ್ಲಾಸ್ಗೋದ ದೊಡ್ಡ ಕ್ಲಬ್ ಸೆಲ್ಟಿಕ್ ಚಿಕ್ಕ ವಯಸ್ಸಲ್ಲೇ ಕೈಬಿಟ್ಟ ಈ ರಾಬರ್ಟ್‌ಸನ್, ಆಟಗಾರರಿಗೆ ಆಗ ಸಂಬಳವೇ ಕೊಡದಿದ್ದ ಕ್ವೀನ್ಸ್ ಪಾರ್ಕ್ ಕ್ಲಬ್‌ನಲ್ಲಿ ಆಡಿ, 2019ರಲ್ಲಿ ಲಿವರ್‌ಪೂಲ್ ಜೊತೆ ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ ಚಾಂಪಿಯನ್ಸ್ ಲೀಗ್ ಎತ್ತಿದರು. ಸ್ಕಾಟ್ಲೆಂಡ್ ತಂಡದ ಇನ್ನೊಬ್ಬ ಆಟಗಾರ ಮೆಕ್‌ಟೊಮಿನೇ ಅಂತೂ ಹುಟ್ಟಿದ್ದೇ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ನಾಪೋಲಿಗೆ ಹೋದ ಮೊದಲ ಸೀಸನ್‌ನಲ್ಲೇ, 2025ರಲ್ಲಿ, ಇಟಲಿಯ ಲೀಗ್ ಗೆದ್ದು ಅಲ್ಲಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡರು.